ಹಳೇ ಗಾಡಿ, ಹರಿಶ್ಚಂದ್ರಗಡ ಮತ್ತು ಅಣ್ಣನ ಮಗನ ಪ್ರಶ್ನೆ

ಮೊನ್ನೆ ರಾತ್ರಿ ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತಿದ್ದಾಗ ಅಣ್ಣನ ಮಗನಿಂದ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಬಂತು. ಅವನಿರುವುದು ಅಮೆರಿಕದ ಯೂಟಾದಲ್ಲಿ. ಫೋಟೋದಲ್ಲಿ ಹಳದಿ ಬಣ್ಣದ ಒಂದು ವಿಚಿತ್ರ ವಾಹನ. ಮುಂದೆ ಚಕ್ರದ ಬದಲು ಎರಡು ಪಟ್ಟಿ, ಹಿಂದೆ ಟ್ಯಾಂಕರಿನದ್ದಲ್ಲ, ಯುದ್ಧದ ಟ್ಯಾಂಕಿನ ಹಾಗೆ ಸುತ್ತುವ ರಬ್ಬರಿನ ಬೆಲ್ಟು. ಸ್ನೋಮೊಬೈಲ್ ಅಂತೆ. ಸೆಕೆಂಡ್ ಹ್ಯಾಂಡ್.

"ಚಿಕ್ಕಪ್ಪಾ, ಇದನ್ನ ತಗೊಳ್ಳೋದು ಅಂತಿದ್ದೇನೆ. ನೀವು ಹಳೇ ಬೈಕ್ ತಗೊಂಡಾಗ ಏನೇನು ನೋಡಿದ್ರಿ?"

ವಿಷಯ ಏನೆಂದರೆ, ಹುಡುಗನಿಗೆ ಸ್ಕೀಯಿಂಗ್ ಹುಚ್ಚು. ಅದೂ ದುಡ್ಡು ಕೊಟ್ಟು ಲಿಫ್ಟಿನಲ್ಲಿ ಮೇಲೆ ಹೋಗಿ ಜಾರಿ ಬರುವ ಜಾಗ ಅವನಿಗೆ ಬೇಡ. ಯಾರೂ ಇಲ್ಲದ ಬೆಟ್ಟವೇ ಆಗಬೇಕು. ಅಲ್ಲಿನ ಕಾಡಿನ ರಸ್ತೆಗಳನ್ನು ಚಳಿಗಾಲದಲ್ಲಿ ಯಾರೂ ಗುಡಿಸುವುದಿಲ್ಲ, ಹಿಮ ಬಿದ್ದರೆ ಬಿದ್ದೇ ಇರುತ್ತದೆ. ಕಾರು ನಿಲ್ಲಿಸಿದ ಜಾಗದಿಂದ ಬೆಟ್ಟದ ಬುಡಕ್ಕೆ ಹತ್ತು ಹದಿನೈದು ಕಿಲೋಮೀಟರ್. ನಡೆದರೆ ಅಲ್ಲೇ ದಿನ ಮುಗಿಯಿತು. ಅಷ್ಟು ದೂರಕ್ಕೋಸ್ಕರ ಈ ಹಳದಿ ಗಾಡಿ.

ನನಗೆ ನಗು ಬಂತು. ಹಿಮವನ್ನು ನಾನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೂ ಆ ಹತ್ತು ಹದಿನೈದು ಕಿಲೋಮೀಟರಿನ ಕಥೆ ನನಗೆ ಚೆನ್ನಾಗಿ ಗೊತ್ತು.

ಡೊಂಬಿವಲಿಗೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿದ ಚಟ ಸಹ್ಯಾದ್ರಿಯ ಕೋಟೆಗಳದ್ದು. ಕುಂದಾಪುರದಲ್ಲಿ ಹುಟ್ಟಿ ಕೊಡಚಾದ್ರಿಯನ್ನು ದೂರದಿಂದ ನೋಡಿ ಬೆಳೆದವನು, ಗುಡ್ಡ ಹತ್ತಲು ಕಲಿತದ್ದು ಮುಂಬಯಿಗೆ ಬಂದು! ಶನಿವಾರ ಆಫೀಸು ಮುಗಿಸಿ, ಚಪಾತಿ ಪಲ್ಯ ಕಟ್ಟಿಕೊಂಡು, ಮಧ್ಯರಾತ್ರಿಯ ಕಸಾರಾ ಲೋಕಲ್ ಹಿಡಿದರೆ ಕಳಸೂಬಾಯಿ, ರತನಗಡ. ಕರ್ಜತ್ ಲೋಕಲ್ ಹಿಡಿದರೆ ಇನ್ನೊಂದಷ್ಟು. ಆ ಹೊತ್ತಿನ ಡಬ್ಬಿಯಲ್ಲಿ ಅರ್ಧಕ್ಕರ್ಧ ಬೆನ್ನಿಗೆ ಚೀಲ ಹಾಕಿದವರೇ. ಹೆಸರು ಗೊತ್ತಿಲ್ಲದ ಎಷ್ಟೋ ಮಂದಿ ಅಲ್ಲಿ ಗೆಳೆಯರಾದರು.

ತೊಂದರೆ ಇದ್ದದ್ದು ರೈಲಿನಿಂದ ಇಳಿದ ಮೇಲೆ. ಹರಿಶ್ಚಂದ್ರಗಡವನ್ನೇ ತೆಗೆದುಕೊಳ್ಳಿ. ಕಲ್ಯಾಣದಿಂದ ಆಳೆಫಾಟಾ ಕಡೆಗೆ ಹೋಗುವ ಎಸ್‌ಟಿ ಬಸ್ಸು ಮುರ್ಬಾಡ್ ದಾಟಿ, ಮಾಳಶೇಜ್ ಘಾಟಿ ಹತ್ತಿ, ಖೂಬಿ ಫಾಟಾದಲ್ಲಿ ನಮ್ಮನ್ನು ಇಳಿಸುತ್ತದೆ. ಅಲ್ಲಿಂದ ಪಿಂಪಳಗಾವ್ ಜೋಗಾ ಅಣೆಕಟ್ಟಿನ ದಂಡೆಯ ಮೇಲೆ ಐದಾರು ಕಿಲೋಮೀಟರ್ ನಡೆದರೆ ಖಿರೇಶ್ವರ. ಹತ್ತುವುದು ಶುರುವಾಗುವುದೇ ಅಲ್ಲಿಂದ! ತೋಲಾರ್ ಖಿಂಡಿಯ ದಾರಿ, ಮೇಲೆ ಹರಿಶ್ಚಂದ್ರೇಶ್ವರನ ಕಲ್ಲಿನ ದೇವಸ್ಥಾನ, ಸೊಂಟದ ಮಟ್ಟದ ತಣ್ಣೀರಿನ ನಡುವೆ ದೊಡ್ಡ ಲಿಂಗವಿರುವ ಕೇದಾರೇಶ್ವರ ಗುಹೆ. ಆ ಗುಹೆಯ ನಾಲ್ಕು ಕಂಬಗಳಲ್ಲಿ ಒಂದೇ ಪೂರ್ತಿ ಉಳಿದಿದೆ. ಆಮೇಲೆ ಕೊಂಕಣಕಡಾ. ಹೆಡೆ ಎತ್ತಿದ ಹಾವಿನ ಹಾಗೆ ಒಳಕ್ಕೆ ಬಾಗಿದ ಆ ಬಂಡೆಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದವರಿಗೆ ಬೇರೇನೂ ಹೇಳಬೇಕಾಗಿಲ್ಲ.

2005ರ ಜನವರಿಯಲ್ಲಿ ಹಾಗೆ ಹೋಗಿದ್ದೆವು, ನಾಲ್ಕು ಜನ. ಭಾನುವಾರ ಸಂಜೆ ಖೂಬಿ ಫಾಟಾಕ್ಕೆ ಬಂದು ನಿಂತರೆ ಬರುವ ಬಸ್ಸುಗಳೆಲ್ಲ ತುಂಬಿ ತುಳುಕುತ್ತಿದ್ದವು. ಒಂದೂ ನಿಲ್ಲಲಿಲ್ಲ. ಕೊನೆಗೆ ಈರುಳ್ಳಿ ಹೊತ್ತ ಒಂದು ಟೆಂಪೋದವನು ಹತ್ತಿಸಿಕೊಂಡ. ಕಲ್ಯಾಣ ಹತ್ತಿರವಾಗುತ್ತಿದ್ದ ಹಾಗೆ ಮೊಬೈಲಿಗೆ ಜೀವ ಬಂತು, ಒಂದರ ಮೇಲೊಂದು ಎಸ್ಸೆಮ್ಮೆಸ್. ಶನಿವಾರ ಬೆಳಿಗ್ಗೆ ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದು, ಆಸ್ಪತ್ರೆಗೆ ಸೇರಿಸಿ, ಆಪರೇಷನ್ನೂ ಮುಗಿದಿತ್ತು.

"ಎಲ್ಲಿ ಹೋಗಿ ಸತ್ತಿದ್ದೆ ಮಾರಾಯ?" ಅಂದ ಅಣ್ಣ.

ಅವನು ಬೈದದ್ದಕ್ಕೆ ಬೇಸರವಾಗಲಿಲ್ಲ. ಅಮ್ಮ ಆಸ್ಪತ್ರೆಯ ಮಂಚದ ಮೇಲೆ ಇದ್ದ ಹೊತ್ತಿನಲ್ಲಿ ನಾನು ಕೊಂಕಣಕಡಾದಲ್ಲಿ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದೆ, ಅದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಎಂಟು ತಿಂಗಳು ಗುಡ್ಡದ ಕಡೆ ತಲೆ ಹಾಕಲಿಲ್ಲ. ಚಟ ಬಿಟ್ಟೆ ಅಂತಲೇ ಅಂದುಕೊಂಡಿದ್ದೆ. ಬಿಡಲಿಲ್ಲ. ಹೋಗುವುದೇ ಆದರೆ ಬೇಕಾದಾಗ ವಾಪಸು ಬರುವ ದಾರಿಯೂ ನನ್ನ ಕೈಯಲ್ಲೇ ಇರಬೇಕು ಅನ್ನಿಸಿತು. ಕಾರು ಕೊಳ್ಳುವ ತಾಕತ್ತಿರಲಿಲ್ಲ. ಹಳೆಯ ಬೈಕು ಕೊಳ್ಳೋಣ ಅಂದೆ.

ನನ್ನವಳು ಧಾರವಾಡದವಳು. "ತಲಿ ನೆರತದ, ಈಗ ಫಟಫಟಿ ಬೇಕಾತೇನ್ರೀ ನಿಮಗ?" ಅಂದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಷರತ್ತುಗಳು ಬಂದವು: ಹೆಲ್ಮೆಟ್ಟು ಹೊಸದೇ ಆಗಬೇಕು, ಮಳೆಗಾಲದಲ್ಲಿ ಗಾಡಿ ಹೊರಗೆ ತೆಗೆಯುವ ಹಾಗಿಲ್ಲ, ರಾತ್ರಿ ಘಾಟಿ ಇಳಿಯುವ ಹಾಗಿಲ್ಲ.

2006ರ ಆರಂಭ ಅದು. ಮುಂಬಯಿಯಲ್ಲಿ ಹಳೇ ಗಾಡಿ ಕೊಳ್ಳಲು ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲವೇನೋ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದು ನಿಮಗೆಲ್ಲ ನೆನಪಿದೆ. (ಆ ರಾತ್ರಿ ನಾನು ಘಾಟ್ಕೋಪರಿನ ಆಫೀಸಿನಲ್ಲಿ ಫೈಲುಗಳ ಮೇಲೆ ಮಲಗಿದ್ದೆ.) ನೀರಿನಲ್ಲಿ ಮುಳುಗಿದ ಎಷ್ಟೋ ಗಾಡಿಗಳು ಆಮೇಲೆ ತೊಳೆದು, ಪಾಲಿಶ್ ಹೊಡೆಸಿಕೊಂಡು, ಮದುವಣಗಿತ್ತಿಯ ಹಾಗೆ ಮಾರಾಟಕ್ಕೆ ನಿಂತಿದ್ದವು.

ನಮ್ಮ ಬೀದಿಯ ಮಿಸ್ತ್ರಿಯನ್ನು ಕರೆದುಕೊಂಡು ಕುರ್ಲಾಕ್ಕೆ ಹೋದೆ. ಒಂದು ಅಂಗಡಿಯಲ್ಲಿ ಕಪ್ಪು ಸ್ಪ್ಲೆಂಡರ್ ಫಳಫಳ ಹೊಳೆಯುತ್ತಿತ್ತು. ಮೀಟರಿನಲ್ಲಿ ಹದಿನೆಂಟು ಸಾವಿರ ಕಿಲೋಮೀಟರ್, ಬೆಲೆ ಬರೇ ಹದಿನಾಲ್ಕು ಸಾವಿರ. ನಾನಾಗಲೇ ಜೇಬಿಗೆ ಕೈ ಹಾಕಿದ್ದೆ. ಮಿಸ್ತ್ರಿ ಮೀಟರಿನ ಕಡೆ ನೋಡಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು ಕಾಲಿಡುವ ರಬ್ಬರು ಮುಟ್ಟಿದ. ಸವೆದು ನುಣುಪಾಗಿತ್ತು. ಮೀಟರಿನ ಕೇಬಲ್ ಬಿಚ್ಚಿಟ್ಟು ಎಷ್ಟು ದೂರ ಬೇಕಾದರೂ ಓಡಿಸಬಹುದು, ಕಾಲಿನ ರಬ್ಬರು ಸುಳ್ಳು ಹೇಳುವುದಿಲ್ಲ ಅಂದ. ಆಮೇಲೆ ಸ್ಕ್ರೂ ಡ್ರೈವರ್ ತೆಗೆದು ಹೆಡ್‌ಲೈಟ್ ಬಿಚ್ಚಿದ. ಒಳಗೆ, ವಯರುಗಳ ಗಂಟಿನ ಹಿಂದೆ, ಒಣಗಿದ ಕೆಸರಿನ ಒಂದು ಗೆರೆ. ವಯರಿನ ಜೋಡಣೆಗಳಲ್ಲಿ ಹಸಿರು ಕಿಲುಬು.

"ಸಾಹೇಬ್, ಛಬ್ಬೀಸ್ ಜುಲೈ," ಅಂದ.

ಅಂಗಡಿಯವನು ಜಗಳಕ್ಕೆ ಬರಲಿಲ್ಲ. ನಕ್ಕು ಚಾ ತರಿಸಿದ. ಕುಡಿದೇ ಬಂದೆವು.

ಕೊನೆಗೆ ಗಾಡಿ ಸಿಕ್ಕಿದ್ದು ಪಕ್ಕದ ಠಾಕುರ್ಲಿಯಲ್ಲಿ, ರೈಲ್ವೆಯಿಂದ ನಿವೃತ್ತರಾದ ಒಬ್ಬ ಮರಾಠಿ ಹಿರಿಯರ ಹತ್ತಿರ. 1999ರ ಸ್ಪ್ಲೆಂಡರ್, ಎಂಎಚ್-05 ನಂಬರು. ಮಂಡಿನೋವು, ಕಿಕ್ ಹೊಡೆಯಲು ಆಗುವುದಿಲ್ಲ ಅಂತ ಮಾರುತ್ತಿದ್ದರು. "ಪಾಣಿ ಲಾಗ್ಲಂ ನಾಹಿ ಗಾಡೀಲಾ" ಅಂದರು, ನಾನು ಕೇಳುವ ಮೊದಲೇ. ಎಲ್ಲರೂ ಹಾಗೇ ಹೇಳುತ್ತಾರಲ್ಲ ಅಂದುಕೊಂಡೆ. ಅವರು ನನ್ನ ಮುಖ ನೋಡಿ, ಕೈ ಹಿಡಿದು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದರು. ನೀರು ಏರುತ್ತಿದ್ದ ಆ ಸಂಜೆ ಇಬ್ಬರು ಗಂಡುಮಕ್ಕಳ ಜೊತೆ ನೂರಕ್ಕೂ ಹೆಚ್ಚು ಕಿಲೋ ತೂಕದ ಗಾಡಿಯನ್ನು ಮೊದಲ ಮಹಡಿಗೆ ಹೊತ್ತು ತಂದಿದ್ದರಂತೆ. ಗೋಡೆಯ ಉದ್ದಕ್ಕೂ ಹ್ಯಾಂಡಲ್ ಗೀರಿದ ಗುರುತು ಹಾಗೇ ಇತ್ತು. ಜೊತೆಗೊಂದು ನೋಟ್‌ಬುಕ್ಕು: ಯಾವ ತಾರೀಕು ಆಯಿಲ್ ಬದಲಾಯಿಸಿದ್ದು, ಯಾವಾಗ ಚೈನು, ಯಾವಾಗ ಬ್ರೇಕು, ಎಲ್ಲ ದುಂಡು ಅಕ್ಷರದಲ್ಲಿ.

ಮಿಸ್ತ್ರಿ ತನ್ನ ಪೂಜೆ ಬಿಡಲಿಲ್ಲ. ಎಂಜಿನ್ನಿಗೆ ಕೈ ಇಟ್ಟು ತಣ್ಣಗಿದೆಯಾ ನೋಡಿದ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥವಂತೆ. ಆಯಿಲನ್ನು ಬೆರಳಿಗೆ ಹಚ್ಚಿ ನೋಡಿದ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ ಅಂತ ಲೆಕ್ಕ. ಹೊಗೆ ನೀಲಿ ಇಲ್ಲ, ಮುಂದಿನ ಫೋರ್ಕಿನಿಂದ ಎಣ್ಣೆ ಸೋರಿಲ್ಲ. ಚಾಸಿ ನಂಬರನ್ನು ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕೆ ತಾಳೆ ನೋಡಿದೆವು. ಹದಿನೇಳೂವರೆ ಸಾವಿರಕ್ಕೆ ಮಾತು ಮುಗಿಯಿತು. ಕಲ್ಯಾಣದ ಆರ್‌ಟಿಓದಲ್ಲಿ ಫಾರ್ಮ್ 29, ಫಾರ್ಮ್ 30, ಸಾಲವಿದ್ದ ಬ್ಯಾಂಕಿನ ಎನ್‌ಓಸಿ, ಫಾರ್ಮ್ 35... ಅದನ್ನೆಲ್ಲ ಬರೆದರೆ ನಿಮಗೂ ಕ್ಯೂನಲ್ಲಿ ನಿಂತ ಹಾಗಾಗುತ್ತದೆ, ಬಿಡಿ.

ಗಾಡಿ ಬಂದ ಮೇಲೆ ಮಧ್ಯರಾತ್ರಿಯ ಲೋಕಲ್ ತಪ್ಪಿತು. ಅಲ್ಲಿನ ಹಾಡು, ಹಂಚಿ ತಿಂದ ಥೇಪ್ಲಾ, ಅಪರಿಚಿತರ ಹೆಗಲಿನ ಮೇಲಿನ ನಿದ್ದೆ ಎಲ್ಲ ತಪ್ಪಿದವು. ಈಗಲೂ ಅದು ನಷ್ಟವೇ ಅನ್ನುತ್ತೇನೆ. ಆದರೆ ಬೆಳಿಗ್ಗೆ ನಾಲ್ಕೂವರೆಗೆ ಡೊಂಬಿವಲಿ ಬಿಟ್ಟರೆ ಎಂಟರೊಳಗೆ ಖಿರೇಶ್ವರ. ಅಲ್ಲಿ ಒಂದು ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಬರುವಾಗ ಅಲ್ಲೇ ಪಿಠಲ ಭಾಕರಿ. ಆ ಮನೆಯ ಪಕ್ಕದ ಅಂಗಡಿಯಲ್ಲಿ ಒಂದು ಫೋನಿತ್ತು. ಅದರ ನಂಬರನ್ನು ಅಣ್ಣನಿಗೆ ಕೊಟ್ಟಿದ್ದೆ. ಕೊಟ್ಟದ್ದು ಮರೆತೂ ಹೋಗಿತ್ತು.

2008ರ ಡಿಸೆಂಬರ್. ಗುಹೆಯ ಹತ್ತಿರ ಮಲಗಿದ್ದೆವು. ರಾತ್ರಿ ಹನ್ನೊಂದರ ಸುಮಾರಿಗೆ ಕತ್ತಲಲ್ಲಿ ಒಂದು ಟಾರ್ಚು ಅಲ್ಲಾಡುತ್ತ ಬಂತು. ಆ ಮನೆಯ ಹುಡುಗ. ಹತ್ತನೇ ಕ್ಲಾಸು. ಒಬ್ಬನೇ ತೋಲಾರ್ ಖಿಂಡಿ ಹತ್ತಿ, ಕಬ್ಬಿಣದ ಕಂಬಿ ಹಿಡಿದು ಬಂಡೆ ದಾಟಿ ಬಂದಿದ್ದ. "ಕಾಕಾ, ನಿಮ್ಮ ಅಣ್ಣನ ಫೋನು. ಅಮ್ಮನಿಗೆ ಹುಷಾರಿಲ್ಲ, ಹೊರಡಬೇಕಂತೆ."

ಇಳಿಯುವಾಗ ಅವನೇ ಮುಂದೆ, ನಾನು ಹಿಂದೆ. ಮೂರೂಕಾಲಿಗೆ ಖಿರೇಶ್ವರ. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು. ನನ್ನವಳ ಮೂರನೇ ಷರತ್ತು ಮುರಿದೆ. ಸ್ಪ್ಲೆಂಡರಿನ ಆ ಮಿಣುಕು ದೀಪದಲ್ಲಿ ಮಾಳಶೇಜ್ ಘಾಟಿ ಇಳಿದದ್ದು ಹೇಗೆ ಅಂತ ಕೇಳಬೇಡಿ, ನನಗೆ ನೆನಪಿರುವುದು ಚಳಿಗೆ ಮರಗಟ್ಟಿದ ಬೆರಳು ಮಾತ್ರ. ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧ ಹಿಡಿದು ಮರುದಿನ ಬೆಳಿಗ್ಗೆ ಕುಂದಾಪುರದಲ್ಲಿದ್ದೆ.

ಅಮ್ಮ ಮತ್ತೆ ಎರಡು ದಿನ ಇದ್ದಳು. ಮಾತಾಡಿದಳು. ಗುಡ್ಡದ ಮೇಲೆ ಏನು ತಿಂದೆ ಅಂತ ಕೇಳಿದಳು.

2014ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ಪಾಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಅದನ್ನು ಖಿರೇಶ್ವರದ ಆ ಹುಡುಗನ ಹೆಸರಿಗೆ ಮಾಡಿಕೊಟ್ಟೆ. ಅದು ಪುಣೆ ಜಿಲ್ಲೆ, ಹಾಗಾಗಿ ಫಾರ್ಮ್ 28ರ ರುಚಿಯನ್ನೂ ನೋಡಿದ್ದಾಯಿತು. ರೈಲ್ವೆ ಹಿರಿಯರ ನೋಟ್‌ಬುಕ್ಕನ್ನೂ ಜೊತೆಗೇ ಕೊಟ್ಟೆ.

ಅಣ್ಣನ ಮಗನಿಗೆ ಇಷ್ಟೆಲ್ಲ ಬರೆಯಲಿಲ್ಲ. ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡು, ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆಸು, ಸರಿಸುಮಾರು ಒಂದೇ ಇರಬೇಕು, ರಬ್ಬರ್ ಬೆಲ್ಟಿನ ಹಲ್ಲು ಹರಿದಿದೆಯಾ ನೋಡು ಅಂತ ಬರೆದೆ. ಮೀಟರ್ ನಂಬಬೇಡ, ಕಾಲಿಡುವ ಜಾಗದ ಫೋಟೋ ಕಳಿಸು ಅಂದೆ. ಮತ್ತೆ, ಗಾಡಿ ನಿಲ್ಲಿಸುವ ಕಡೆ ಯಾರದ್ದಾದರೂ ಮನೆಯೋ ಅಂಗಡಿಯೋ ಇದ್ದರೆ ಅವರ ಫೋನ್ ನಂಬರು ನಿನ್ನ ಅಪ್ಪನಿಗೆ ಕೊಟ್ಟಿರು.

"ಅಲ್ಲಿ ಯಾರೂ ಇರಲ್ಲ ಚಿಕ್ಕಪ್ಪಾ, ಬರೀ ಹಿಮ" ಅಂತ ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ಸ್ಯಾಟಲೈಟಿನಲ್ಲಿ ಮೆಸೇಜ್ ಕಳಿಸೋ ಯಂತ್ರ ಸಿಗುತ್ತೆ. ಅದಕ್ಕೆ ಅಪ್ಪನ ನಂಬರ್ ಹಾಕ್ತೇನೆ."

ಕಾಲಿಡುವ ಜಾಗದ ಫೋಟೋ ಇನ್ನೂ ಬಂದಿಲ್ಲ.