ಇರುವುದೊಂದೇ ಸ್ಥಾನ

ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ಪ್ರವಚನದ ನಿಮಿತ್ತ ಬಳ್ಳಾರಿಗೆ ಹೋಗಿದ್ದ ನಾವು, ಅಲ್ಲಿ ನಮ್ಮ ಅಕ್ಕನವರ ಮನೆಯಲ್ಲಿ ಒಂದು ವಾರ ತಂಗಿದ್ದೆವು. ಆ ಮನೆಯ ಮಾಳಿಗೆಯ ಮೇಲೆ ನಿಂತರೆ ಕೋಟೆಗುಡ್ಡ ಎದುರಿಗೇ ಕಾಣುತ್ತದೆ. ಒಂದು ಸಂಜೆ ನಾವು ಅಲ್ಲಿ ಕುಳಿತು ಮರುದಿನದ ಪ್ರವಚನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ, ಅಕ್ಕನವರ ಮೊಮ್ಮಗ ಕಾಲೇಜಿನಿಂದ ಬಂದವನು ಯಾರನ್ನೂ ಮಾತನಾಡಿಸದೆ, ಕ್ರಿಕೆಟ್ಟಿನ ಕೈಗವಸುಗಳನ್ನು ಮೂಲೆಗೆ ಎಸೆದು, ಮುಖ ತೊಳೆಯದೆ ಮಲಗಿಬಿಟ್ಟ. ಎರಡು ವರ್ಷಗಳಿಂದ ಅವನು ಕಾಲೇಜು ತಂಡದ ವಿಕೆಟ್ ಕೀಪರ್. ಅಂತರ ಕಾಲೇಜು ಪಂದ್ಯಗಳಿಗೆ ಈ ಸಲ ಆ ಸ್ಥಾನ ಸಿರುಗುಪ್ಪದ ಕಡೆಯಿಂದ ಹೊಸದಾಗಿ ಬಂದ ಒಬ್ಬ ರೈತರ ಹುಡುಗನಿಗೆ ಹೋಗಿತ್ತು.

ತಂಡದಲ್ಲಿ ದಾಂಡಿಗರು ಆರೇಳು ಮಂದಿ ಇರಬಹುದು, ಚೆಂಡೆಸೆಯುವವರು ನಾಲ್ಕೈದು ಮಂದಿ ಇರಬಹುದು. ವಿಕೆಟ್ಟಿನ ಹಿಂದೆ ನಿಲ್ಲುವವನು ಮಾತ್ರ ಒಬ್ಬನೇ. ಅವನಷ್ಟೇ ಯೋಗ್ಯನಾದ ಇನ್ನೊಬ್ಬನಿದ್ದರೆ ಅವನು ಹೊರಗೆ ಕುಳಿತು ನೋಡಬೇಕಾಗುತ್ತದೆ. ಪೀಠವೊಂದು, ಅರ್ಹರಿಬ್ಬರು ಎಂಬ ಈ ಸಂಕಟ ಆಟದ ಬಯಲಿಗೆ ಮಾತ್ರ ಸೇರಿದ್ದಲ್ಲ. ನೌಕರಿಯಲ್ಲಿ, ಮಠದಲ್ಲಿ, ಮನೆಯ ಯಜಮಾನಿಕೆಯಲ್ಲಿಯೂ ಇದು ಉಂಟು.

ಅಲ್ಲಿಯ ಕ್ರೀಡಾ ಶಿಕ್ಷಕರು ಅನುಸರಿಸಿದ ಕ್ರಮವನ್ನು ಹುಡುಗನಿಂದಲೇ ಕೇಳಿ ತಿಳಿದೆವು. ಐದು ದಿನ ಇಬ್ಬರನ್ನೂ ಸರದಿಯ ಮೇಲೆ ನಿಲ್ಲಿಸಿದ್ದರಂತೆ. ವೇಗದ ಎಸೆತಕ್ಕೆ ದೂರ ನಿಂತು, ತಿರುಗುವ ಎಸೆತಕ್ಕೆ ಗೂಟಗಳ ಬೆನ್ನಿಗೇ ನಿಂತು, ಯಾರು ಎಷ್ಟು ಚೆಂಡು ಕೈಬಿಟ್ಟರು ಎಂಬುದನ್ನು ಪುಸ್ತಕದಲ್ಲಿ ಬರೆದು, ಕೊನೆಯ ದಿನ ಎಲ್ಲರ ಎದುರಿಗೆ ಓದಿದರಂತೆ. ನಮ್ಮ ಹುಡುಗ ಬಿಟ್ಟದ್ದು ಒಂಬತ್ತು, ಆ ಹುಡುಗ ಬಿಟ್ಟದ್ದು ನಾಲ್ಕು. ಬ್ಯಾಟಿಂಗಿನಲ್ಲಿ ನಮ್ಮವನೇ ಮೇಲು. ಆದರೆ ಶಿಕ್ಷಕರಿಗೆ ಬೇಕಾದದ್ದು ಚೆಂಡು ಹಿಡಿಯುವವನು.

ಊಟವಾದ ಮೇಲೆ ಹುಡುಗನ ತಂದೆ, ಎಂದರೆ ನಮ್ಮ ಸೋದರಳಿಯ, ನಮ್ಮ ಪಕ್ಕದಲ್ಲಿ ಬಂದು ಕುಳಿತ. "ಮಾವಾ, ಆ ಕಾಲೇಜಿನ ಮಂಡಳಿಯವರೊಬ್ಬರು ನಿಮ್ಮ ಪ್ರವಚನಕ್ಕ ದಿನಾ ಬರ್ತಾರ. ನಿಮ್ಮ ಮಾತು ತೆಗೆದುಹಾಕೋದಿಲ್ಲ. ಒಂದು ಫೋನ್ ಮಾಡಿದ್ರ ಸಾಕು. ಹುಡುಗನ ಎರಡು ವರ್ಷದ ಶ್ರಮ ಐತಿ" ಎಂದ. ನಾವು ಸುಮ್ಮನಿದ್ದುದನ್ನು ಕಂಡು ಅಕ್ಕನವರು ಒಳಗಿನಿಂದಲೇ, "ಮನೀ ಕೂಸಿಗೆ ಆಗದ ನಿನ್ನ ವಿದ್ಯಾ ಇನ್ನ್ಯಾರಿಗೆ ಆಗಬೇಕು ತಮ್ಮಾ?" ಎಂದರು. ಆ ಮಾತು ನಾಟಿತು. ನಿಜ ಹೇಳುವುದಾದರೆ, ನಾವು ಫೋನನ್ನು ಕೈಗೆ ತೆಗೆದುಕೊಂಡೂ ಇದ್ದೆವು. ರಾತ್ರಿ ಹೊತ್ತಾಯಿತು, ಬೆಳಿಗ್ಗೆ ನೋಡೋಣ ಎಂದು ಇಟ್ಟೆವು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಿರುಗುಪ್ಪ ಎಂಬ ಹೆಸರೇ ನಮ್ಮನ್ನು ಎಬ್ಬಿಸಿ ಕೂರಿಸಿತ್ತು.

ಅದಕ್ಕೆ ಕಾರಣವನ್ನು ಹೇಳಬೇಕು. ಇದುವರೆಗೆ ಯಾರ ಮುಂದೆಯೂ ಹೇಳದ ಸಂಗತಿ ಇದು. ನಮ್ಮ ಹುಟ್ಟೂರು ಕುರುಗೋಡು. ಏಕಶಿಲೆಯ ದೊಡ್ಡಬಸವೇಶ್ವರನಿಂದ ಹೆಸರಾದ ಊರು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ನಮಗೆ ಸಿರುಗುಪ್ಪದ ಕಡೆಯ ಒಬ್ಬ ಸಹಪಾಠಿ ಇದ್ದ. ಒಂದೇ ಕೋಣೆ, ಒಂದೇ ಪಂಕ್ತಿ. ಷಟ್ಪದಿಯನ್ನು ಅವನು ರಾಗವಾಗಿ ಓದತೊಡಗಿದರೆ ಅಡುಗೆಯವರು ಕೂಡ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. 1977ರ ಶ್ರಾವಣದಲ್ಲಿ ಕುರುಗೋಡಿನಲ್ಲಿ ಒಂದು ತಿಂಗಳ ಪುರಾಣ ಏರ್ಪಾಡಾಯಿತು. ಅರ್ಥ ಹೇಳಲು ಹಿರಿಯ ಶಾಸ್ತ್ರಿಗಳಿದ್ದರು, ಪದ್ಯ ಓದಲು ವಿದ್ಯಾರ್ಥಿಯೊಬ್ಬ ಬೇಕಾಗಿದ್ದ. ಎಲ್ಲರೂ ಅವನ ಹೆಸರನ್ನೇ ಹೇಳುತ್ತಿದ್ದರು. ಆದರೆ ಹತ್ತಿ ವ್ಯಾಪಾರದಲ್ಲಿದ್ದ ನಮ್ಮ ತಂದೆಯವರು ಊರ ಹಿರಿಯರಿಗೆ ಒಂದು ಮಾತು ಹೇಳಿದರು. ಓದುವ ಪೀಠ ನಮಗೆ ಬಂದಿತು.

ತಂದೆಯವರು ಮಾತನಾಡಿದ್ದು ನಮಗೆ ಗೊತ್ತಿತ್ತು. ಬೇಡವೆನ್ನಲಿಲ್ಲ. ಮೊದಲ ದಿನವೇ ಎಂಟನೆಯ ಪದ್ಯದಲ್ಲಿ ಪದವಿಭಾಗ ತಪ್ಪಿ ನಾವು ತಡವರಿಸಿದಾಗ, ಬೆನ್ನ ಹಿಂದೆ ಕುಳಿತಿದ್ದ ಅವನು ಕೆಳದನಿಯಲ್ಲಿ ಆ ಪದವನ್ನು ಎತ್ತಿಕೊಟ್ಟ. ಸಭೆಗೆ ಅದು ಕೇಳಿಸಲಿಲ್ಲ. ತಿಂಗಳ ಕೊನೆಗೆ ನಮಗೆ ಶಾಲು ಹೊದಿಸಿದರು. ಆ ವರ್ಷವೇ ಅವನು ನಿಲಯ ಬಿಟ್ಟು ಊರಿಗೆ ಹೋದ. ಮನೆಯಲ್ಲಿ ಕಷ್ಟವಿದ್ದೀತು ಎಂದು ನಾವು ನಮಗೇ ಹೇಳಿಕೊಂಡೆವು.

ಆ ದಿನಗಳಲ್ಲಿ ನಿಲಯಕ್ಕೆ ಒಂದು ದಿನಪತ್ರಿಕೆ ಬರುತ್ತಿತ್ತು. ಹಿರಿಯರು ಓದಿ ಮುಗಿಸಿದ ಮೇಲೆ ಕ್ರಿಕೆಟ್ಟಿನ ಪುಟ ನಮ್ಮ ಕೈಗೆ ಸಿಕ್ಕುತ್ತಿತ್ತು. ಕರ್ನಾಟಕದ ಸೈಯದ್ ಕಿರ್ಮಾನಿಯವರ ಹೆಸರನ್ನು ನಾವಿಬ್ಬರೂ ಓದಿದ್ದು ಆ ಪುಟದಲ್ಲೇ. ಅವರು 1971ರಲ್ಲಿಯೂ 1974ರಲ್ಲಿಯೂ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋಗಿದ್ದರು. ವಿಕೆಟ್ಟಿನ ಹಿಂದೆ ನಿಂತವರು ಮಾತ್ರ ಫಾರೂಕ್ ಎಂಜಿನಿಯರ್. ಕಿರ್ಮಾನಿಯವರಿಗೆ ಟೆಸ್ಟ್ ಪಂದ್ಯದ ಬಾಗಿಲು ತೆರೆದದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಎರಡನೆಯ ಟೆಸ್ಟಿನಲ್ಲೇ ಒಂದು ಇನಿಂಗ್ಸಿನಲ್ಲಿ ಆರು ಮಂದಿಯ ಪತನಕ್ಕೆ ಕಾರಣರಾಗಿ ಅಂದಿನ ವಿಶ್ವದಾಖಲೆಯನ್ನು ಅವರು ಸರಿಗಟ್ಟಿದರು. ಕಾದ ವರ್ಷಗಳಲ್ಲಿ ಅವರು ಅಭ್ಯಾಸ ಬಿಟ್ಟಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮುಂದೆ 1979ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಬಿಟ್ಟು ತಮಿಳುನಾಡಿನ ಭರತ್ ರೆಡ್ಡಿಯವರನ್ನು ಆರಿಸಿದರು. ಅವರು ಮರಳಿ ಬಂದರು. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆಯ ಎದುರು ಕಪಿಲ್ ದೇವ್ ಅವರೊಡನೆ ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ಓಟಗಳ ಜೊತೆಯಾಟ ಆಡಿದವರು ಅವರೇ. ಅದರಲ್ಲಿ ಅವರ ಪಾಲು 24. ಒಟ್ಟು 88 ಟೆಸ್ಟುಗಳನ್ನಾಡಿದ ಅವರ ಜಾಗಕ್ಕೂ ಹೊಸಬರು ಬಂದರು. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ವಿಕೆಟ್ಟಿನ ಹಿಂದೆ ನಿಂತಿದ್ದವರು ಬೆಂಗಳೂರಿನ ಸದಾನಂದ ವಿಶ್ವನಾಥ್.

ಇನ್ನೊಬ್ಬರ ಕಥೆ ಇಷ್ಟು ಸುಖಾಂತವಲ್ಲ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1960ರಲ್ಲಿಯೇ ಟೆಸ್ಟ್ ಆಡಿದವರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು 192 ಓಟ ಹೊಡೆದರು. ಆದರೂ ಎಂಜಿನಿಯರ್ ಅವರೊಡನೆ ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸಬೇಕಾಗಿ ಬಂದು, ಹದಿನೆಂಟು ಟೆಸ್ಟುಗಳಿಗೆ ಅವರ ಆಟ ಮುಗಿಯಿತು. 1967ರ ಕೊನೆಯ ಟೆಸ್ಟಿನಲ್ಲಿ ಕೈಗವಸು ಎಂಜಿನಿಯರ್ ಅವರದಾಗಿತ್ತು. ಕುಂದರನ್ ಅವರಿಗೆ ಹೊಸ ಚೆಂಡು ಕೊಟ್ಟು ಎಸೆಯಲು ಹೇಳಿದರು. ಅವರು ಎಸೆದರು. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿ, ಅಲ್ಲಿಯೂ ಆಡಿ, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಕಾದವರಿಗೆಲ್ಲ ಸ್ಥಾನ ಸಿಕ್ಕೇ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾದೀತು.

ಬೆಳಗಾದ ಮೇಲೆ ನಾವು ಫೋನ್ ಮಾಡಲಿಲ್ಲ. ಹುಡುಗನನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆವು. ಎಲ್ಲಿಗೆ, ಏಕೆ ಎಂದು ಅವನು ಕೇಳಿದ. ಹಳೆಯ ಗೆಳೆಯರೊಬ್ಬರನ್ನು ಕಾಣಬೇಕಾಗಿದೆ ಎಂದಷ್ಟೇ ಹೇಳಿದೆವು. ತುಂಗಭದ್ರೆಯ ನೀರುಂಡ ಭತ್ತ ಕೊಯಿಲಿಗೆ ಬಂದಿತ್ತು. ದಾರಿಯುದ್ದಕ್ಕೂ ಅಕ್ಕಿ ಗಿರಣಿಗಳು ಹಿಂದೆ ಸರಿದವು.

ಗೆಳೆಯ ಕಣದಲ್ಲಿದ್ದ. "ಬರ್ರಿ ಶಾಸ್ತ್ರಿಗಳೇ" ಎಂದು ಎದ್ದು ಬಂದು ಕೈಕಾಲಿಗೆ ನೀರು ಕೊಟ್ಟ. ಸಹಪಾಠಿಯ ಬಾಯಲ್ಲಿ ಆ ಬಹುವಚನ ನಮಗೆ ಭಾರವಾಯಿತು. ಹುಡುಗನ ಎದುರಿಗೇ ನಾವು 1977ರ ಸಂಗತಿಯನ್ನು ಎತ್ತಿದೆವು. ತಂದೆಯವರು ಮಾತನಾಡಿದ್ದು, ಅದು ನಮಗೆ ತಿಳಿದಿದ್ದುದು, ನಾವು ಬಾಯಿ ತೆರೆಯದೆ ಪೀಠದಲ್ಲಿ ಕುಳಿತದ್ದು, ಎಲ್ಲವನ್ನೂ ಹೇಳಿದೆವು. ಅವನು ಬಹಳ ಹೊತ್ತು ಭತ್ತದ ರಾಶಿಯನ್ನೇ ನೋಡುತ್ತ ಕುಳಿತ. ಆಮೇಲೆ, "ನನಗ ಅವತ್ತೇ ಗೊತ್ತಿತ್ತು. ನಿನಗೂ ಗೊತ್ತೈತಿ ಅನ್ನೋದು ಇವತ್ತು ಗೊತ್ತಾತು" ಎಂದ.

"ಓದುವುದನ್ನು ಏಕೆ ಬಿಟ್ಟೆ?" ಎಂದು ಕೇಳಿದೆವು.

"ನೀನು ನನಗಿಂತ ಚಲೋ ಓದಿ ಪೀಠ ಏರಿದ್ದರ ನಾನು ಇನ್ನೂ ಚಲೋ ಓದೋದು ಕಲೀತಿದ್ದೆ. ಓದಿಗೂ ಪೀಠಕ್ಕೂ ಸಂಬಂಧ ಇಲ್ಲ ಅಂದಮ್ಯಾಲ ಏನು ಕಲೀಬೇಕು? ದನಿ ಹೋಗಲಿಲ್ಲ, ಮನಸ್ಸು ಹೋತು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. ಊಟ ಮಾಡಿಸಿಯೇ ಕಳುಹಿಸಿದ. ಬಸ್ಸಿನಲ್ಲಿ ಹುಡುಗ ಒಂದೂ ಮಾತನಾಡಲಿಲ್ಲ. ಬಳ್ಳಾರಿ ಹತ್ತಿರವಾದಾಗ, "ಅಜ್ಜಾರ, ಅಪ್ಪಾಜಿ ನಿಮಗ ಫೋನ್ ಮಾಡಾಕ ಹೇಳಿದ್ದು ನನಗ ಗೊತ್ತೈತಿ. ಬ್ಯಾಡ್ರಿ" ಎಂದ.

ನಮ್ಮ ಅಕ್ಕನವರ ಮಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಳೆ. ಈ ವಿಷಯ ತಿಳಿದು ಅವಳು ಫೋನಿನಲ್ಲಿ ಅಲ್ಲಿಯ ಒಂದು ನಿದರ್ಶನ ಹೇಳಿದಳು. ಅವರ ಫುಟ್ಬಾಲಿನಲ್ಲಿ ಆಟವನ್ನೆಲ್ಲ ನಡೆಸುವ ಕ್ವಾರ್ಟರ್‌ಬ್ಯಾಕ್ ಎಂಬ ಒಂದು ಸ್ಥಾನವಿದೆ. 1999ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ ಆ ಸ್ಥಾನಕ್ಕೆ ಹಿರಿಯ ವಿದ್ಯಾರ್ಥಿ ಟಾಮ್ ಬ್ರೇಡಿ ಇದ್ದರು. ಊರೆಲ್ಲ ಮೆಚ್ಚಿದ ಕಿರಿಯ ಡ್ರೂ ಹೆನ್ಸನ್ ಕೂಡ ಇದ್ದರು. ತರಬೇತುದಾರ ಲಾಯ್ಡ್ ಕಾರ್ ಅವರು ಆ ವರ್ಷದ ಹಲವು ಪಂದ್ಯಗಳಲ್ಲಿ ಮೊದಲ ಕಾಲುಭಾಗ ಬ್ರೇಡಿಯವರನ್ನು, ಎರಡನೆಯ ಕಾಲುಭಾಗ ಹೆನ್ಸನ್ನರನ್ನು ಆಡಿಸಿ, ಯಾರು ಚೆನ್ನಾಗಿ ಆಡಿದರೋ ಅವರನ್ನೇ ಉಳಿದ ಅರ್ಧಕ್ಕೆ ಇಳಿಸುತ್ತಿದ್ದರಂತೆ. ತನ್ನ ಸ್ಥಾನವನ್ನು ಬ್ರೇಡಿ ವಾರವಾರವೂ ಹೊಸದಾಗಿ ಗಳಿಸಬೇಕಾಗಿತ್ತು. ಕೊನೆಗೆ ಅದು ಅವರಲ್ಲೇ ಉಳಿಯಿತು. ಮರುವರ್ಷ ವೃತ್ತಿ ತಂಡಗಳ ಆಯ್ಕೆಯಲ್ಲಿ ಅವರಿಗೆ ಸಿಕ್ಕದ್ದು 199ನೆಯ ಸ್ಥಾನ. ಅಂಥವರು ಮುಂದೆ ಏಳು ಬಾರಿ ಆ ದೇಶದ ಅತ್ಯುನ್ನತ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದರು. ಆ ಕ್ರಮ ಕಠಿಣವಾದುದು ಎಂದು ನಮಗೆ ತೋರಿತು. ಆದರೆ ಅಳೆಯುವ ಕೋಲು ಸಾವಿರಾರು ಜನರ ಕಣ್ಣೆದುರಿಗಿತ್ತು. ನಮ್ಮ ಬಳ್ಳಾರಿಯ ಶಿಕ್ಷಕರ ಪುಸ್ತಕವೂ ಅಂಥದೇ ಕೋಲು. ಆ ಪುಸ್ತಕದ ಮೇಲೆ ಒಂದು ಫೋನಿನ ಕರೆ ಬಿದ್ದಿದ್ದರೆ, ಅದರಲ್ಲಿಯ ಅಂಕೆಗಳಿಗೆ ಅರ್ಥವೇ ಉಳಿಯುತ್ತಿರಲಿಲ್ಲ. ಸಿರುಗುಪ್ಪದ ಹುಡುಗ ಸ್ಥಾನ ಕಳೆದುಕೊಳ್ಳುತ್ತಿದ್ದ. ನಮ್ಮ ಹುಡುಗ, ತಾನು ನಿಜವಾಗಿ ಎಷ್ಟು ಬಲ್ಲೆ ಎಂಬುದನ್ನು ತಿಳಿಯುವ ದಾರಿಯನ್ನೇ ಕಳೆದುಕೊಳ್ಳುತ್ತಿದ್ದ. ಎರಡನೆಯದು ಚಿಕ್ಕ ನಷ್ಟವೆಂದು ತಿಳಿಯಬಾರದು. ನಾವು ಅದನ್ನು ಅನುಭವಿಸಿದವರು. ಇಂದಿಗೂ ಯಾರಾದರೂ ನಮ್ಮ ಪಠಣವನ್ನು ಹೊಗಳಿದರೆ, ಬೆನ್ನ ಹಿಂದಿನಿಂದ ಒಂದು ಕೆಳದನಿ ಕೇಳಿದಂತಾಗುತ್ತದೆ.

ಆ ಸಲದ ಪಂದ್ಯಗಳಲ್ಲಿ ನಮ್ಮ ಹುಡುಗನಿಗೆ ಆಡುವ ಅವಕಾಶ ಬರಲೇ ಇಲ್ಲ. ನೀರು ಒಯ್ದು ಕೊಡುವ ಕೆಲಸ ಅವನ ಪಾಲಿಗೆ ಬಂತು. ತಂಡವೂ ಎರಡನೆಯ ಪಂದ್ಯದಲ್ಲಿಯೇ ಸೋತಿತು. ಆದರೆ ಮುಂಜಾನೆ ಆರಕ್ಕೆ ಅವನು ಬಯಲಿಗೆ ಹೋಗುವುದು ನಿಲ್ಲಲಿಲ್ಲ. ಒಬ್ಬ ಚೆಂಡು ಹೊಡೆಯುವುದು, ಇನ್ನೊಬ್ಬ ಹಿಡಿಯುವುದು, ಆಮೇಲೆ ಬದಲಾಯಿಸಿಕೊಳ್ಳುವುದು, ಹೀಗೆ ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡುತ್ತಾರೆಂದು ಅಕ್ಕನವರು ಹೇಳಿದರು. ಸಿರುಗುಪ್ಪದ ಹುಡುಗ ಒಂದೆರಡು ಸಲ ಅವರ ಮನೆಗೂ ಊಟಕ್ಕೆ ಬಂದಿದ್ದನಂತೆ.

ಸೋದರಳಿಯನಿಗೆ ಮಾತ್ರ ನಮ್ಮ ಮೇಲೆ ಅಸಮಾಧಾನ ಹೋಗಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾನೆ. ಮೊದಲಿನಂತೆ ಬಹಳ ಹೊತ್ತು ಮಾತನಾಡುವುದಿಲ್ಲ. ಅದು ಅವನ ತಪ್ಪಲ್ಲ. ಮಗನ ಮುಖ ಬಾಡಿದಾಗ ಹೆತ್ತವರ ಕೈ ತಾನಾಗಿ ಯಾರದಾದರೂ ಬಾಗಿಲು ಬಡಿಯುತ್ತದೆ. ನಮ್ಮ ತಂದೆಯವರೂ ಪ್ರೀತಿಯಿಂದಲೇ ಬಡಿದರು. ಆ ಪ್ರೀತಿಯ ಬೆಲೆಯನ್ನು ಸಿರುಗುಪ್ಪದ ಒಬ್ಬ ಹುಡುಗ ತನ್ನ ಓದಿನಿಂದ ತೆತ್ತ.

ಈ ಲೇಖನವನ್ನು ಓದುವ ಮನೆಗಳಲ್ಲಿ ಪರೀಕ್ಷೆಗೆ, ಆಟಕ್ಕೆ, ನೌಕರಿಗೆ ಸಿದ್ಧರಾಗುತ್ತಿರುವ ಮಕ್ಕಳಿದ್ದಾರೆ. ಅವರಿಗೆ ಒಳ್ಳೆಯ ಗುರುಗಳನ್ನು ಹುಡುಕಿಕೊಡಿ, ಬೆಳಿಗ್ಗೆ ಬೇಗ ಎಬ್ಬಿಸಿ, ಸೋತು ಬಂದ ದಿನ ಬಿಸಿ ಊಟ ಬಡಿಸಿ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಅವರ ಸ್ಥಾನಕ್ಕಾಗಿ ಫೋನನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಡಿ. ಆ ಸ್ಥಾನದ ಇನ್ನೊಂದು ತುದಿಯಲ್ಲಿಯೂ ಯಾರದೋ ಮನೆಯ ಮಗುವಿರುತ್ತದೆ.

ಬರುವ ಶ್ರಾವಣದಲ್ಲಿ ಕುರುಗೋಡಿನಲ್ಲಿ ಮತ್ತೆ ಪುರಾಣ ಹಚ್ಚುವ ಮಾತು ನಡೆದಿದೆ. ಅರ್ಥ ಹೇಳಲು ನಮ್ಮನ್ನು ಕೇಳಿದ್ದಾರೆ. ಪದ್ಯ ಓದಲು ಬರುವೆಯಾ ಎಂದು ನಾವು ಸಿರುಗುಪ್ಪಕ್ಕೆ ಕಾಗದ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೂ ಅವನನ್ನು ದೂರುವ ಹಕ್ಕು ನಮಗಿಲ್ಲ.