ಚಮಚ ಮುರಿದರೆ ಪರಿಸರ ಉಳಿಯುತ್ತಾ? (ಭಾಗ 4)

ಐಸ್‌ಕ್ರೀಂ ಸ್ವಲ್ಪ ಗಟ್ಟಿ ಇದ್ರೆ ಸಾಕು, ಕೆಲವು ‘ಇಕೋ’ ಚಮಚಗಳು ಪಟ್ ಅಂತ ಮುರೀತವೆ. ಯಾಕೆ ಗೊತ್ತಾ?

ಅಂಥ ಹಲವು ವಸ್ತುಗಳು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್‌ನವು. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿದಾಗ ಸಿಗೋ ಲ್ಯಾಕ್ಟಿಕ್ ಆಮ್ಲ ಇದರ ಮೂಲ. ಮೊಸರಿನ ಹುಳಿಯಲ್ಲಿರೋದೂ ಅದೇ! ಪಿಎಲ್‌ಎ ಗಡಸು, ಆದರೆ ಬಾಗಲ್ಲ. ಎಳೆದರೆ ಸುಮಾರು 5% ಹಿಗ್ಗುವಷ್ಟರಲ್ಲೇ ತುಂಡಾಗುತ್ತೆ.

ಇದಕ್ಕೊಂದು ಮದ್ದು ರಬ್ಬರ್. ನಮ್ಮ ಸುಳ್ಯ, ಪುತ್ತೂರು ಕಡೆ ಟ್ಯಾಪಿಂಗ್ ಮಾಡಿ ಹಾಲು ಇಳಿಸ್ತಾರಲ್ಲ, ಅದೇ ನೈಸರ್ಗಿಕ ರಬ್ಬರ್. ಕರಗಿದ ಪಿಎಲ್‌ಎಗೆ 10%ನಷ್ಟು ಬೆರೆಸಿದರೆ ಅದು ಸಣ್ಣ ಸಣ್ಣ ಹನಿಗಳಾಗಿ ಒಳಗೆಲ್ಲ ಹರಡಿಕೊಳ್ಳುತ್ತೆ. ಪೆಟ್ಟು ಬಿದ್ದಾಗ ಆ ಹನಿಗಳು ಶಕ್ತಿ ಹೀರಿಕೊಳ್ಳುತ್ತವೆ, ಬಿರುಕು ಒಂದೇ ಏಟಿಗೆ ಓಡಲ್ಲ. ಪ್ರಯೋಗದಲ್ಲಿ 200% ತನಕ ಹಿಗ್ಗಿದ್ದೂ ಇದೆ.

ಹಾಗಂತ ಸುರಿಯೋ ಹಾಗಿಲ್ಲ. ಜಾಸ್ತಿಯಾದ್ರೆ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಲಾಭ ಮತ್ತೆ ಇಳಿಯುತ್ತೆ. ಗಡಸುತನವೂ ಕಡಿಮೆ.

ಈಗ ನಮ್ಮ ಬಿಕಾಂ ಲೆಕ್ಕ. ಬೆಲೆಯನ್ನು ಒಂದು ಚಮಚಕ್ಕಲ್ಲ, ಒಂದು ಬಳಕೆಗೆ ಹಾಕಿ. ಎರಡು ಮುರಿದು ಮೂರನೆಯದರಲ್ಲಿ ತಿಂದರೆ ಖರ್ಚು ಮೂರು ಪಟ್ಟು, ಕಸವೂ ಮೂರು ಪಟ್ಟು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ ನಿಷೇಧ ಇದೆ. ಬದಲಿ ಚಮಚ ಬಾಳಿಕೆ ಬರದಿದ್ರೆ ಅಂಗಡಿಯವರು ಯಾವ ಧೈರ್ಯದಲ್ಲಿ ಕೊಳ್ತಾರೆ?

ಇನ್ನೊಂದು ಮಾತು: ಪಿಎಲ್‌ಎ ಬೀದಿಯಲ್ಲಿ ಬಿದ್ದರೆ ಬೇಗ ಮಣ್ಣಾಗಲ್ಲ. ಸುಮಾರು 60 ಡಿಗ್ರಿ ಬಿಸಿಯ ಕಾಂಪೋಸ್ಟ್ ಘಟಕ ಬೇಕು. ಆದ್ದರಿಂದ ‘ಇಕೋ’ ಅಂತ ಬರೆದದ್ದು ಕಂಡಾಗ ಎರಡು ಪ್ರಶ್ನೆ ಕೇಳಿ: ಮುರಿಯದೆ ಕೆಲಸ ಮಾಡುತ್ತಾ? ಆಮೇಲೆ ಎಲ್ಲಿ ಮಣ್ಣಾಗುತ್ತೆ?

ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೂ ಹಾಕಿ. 🌱