ಸಹರಾದ ಬಂಡೆಗಳ ಮೇಲೆ ದನಗಳ ಹಿಂಡು

ಸಹರಾ ಎಂದೊಡನೆ ಕಣ್ಣಮುಂದೆ ಬರುವುದು ಮರಳ ದಿಬ್ಬಗಳು, ಉರಿಬಿಸಿಲು, ಒಂಟೆಗಳ ಸಾಲು. ಆದರೆ ಅಲ್ಜೀರಿಯಾದ ಆಗ್ನೇಯ ಮೂಲೆಯ ತಸ್ಸಿಲಿ ನಜೇರ್ ಪ್ರಸ್ಥಭೂಮಿಯ ಬಂಡೆಗಳು ಬೇರೆಯೇ ಕಥೆ ಹೇಳುತ್ತವೆ. ಜಾನೆತ್ ಎಂಬ ಓಯಸಿಸ್ ಪಟ್ಟಣದ ಬಳಿಯಿಂದ ಕಡಿದಾದ ಕಣಿವೆ ಹಾದಿಯಲ್ಲಿ ಮೇಲೇರಿದರೆ, ಗಾಳಿ ಮತ್ತು ನೀರು ಸವೆಸಿದ ಮರಳುಗಲ್ಲಿನ ಕಂಬಗಳು ಪಾಳುಬಿದ್ದ ಊರಿನ ಓಣಿಗಳಂತೆ ಕಾಣುತ್ತವೆ. ಅವುಗಳ ಬುಡದ ಕಲ್ಲಾಸರೆಗಳಲ್ಲಿ ಜನ, ಜಿಂಕೆ, ಜಿರಾಫೆ ಮತ್ತು ಹಿಂಡುಹಿಂಡಾಗಿ ದನಗಳು! ಇಲ್ಲಿ ಗುರುತಿಸಲಾದ ವರ್ಣಚಿತ್ರಗಳು ಮತ್ತು ಕೆತ್ತನೆಗಳು 15,000ಕ್ಕೂ ಹೆಚ್ಚು.

ಹುಲ್ಲೇ ಇಲ್ಲದಲ್ಲಿ ದನಗಳು ಹೇಗೆ ಬಂದವು? ಈ ಪ್ರಶ್ನೆ ಜರ್ಮನಿಯ ಪ್ರವಾಸಿ ಹೈನ್ರಿಖ್ ಬಾರ್ತ್‌ನನ್ನು 1850ರಲ್ಲೇ ಕಾಡಿತು. ಇಂದಿನ ಲಿಬಿಯಾದ ಫೆಜ್ಜಾನ್‌ನಲ್ಲಿ ಆತ ಕಂಡ ಕೆತ್ತನೆಗಳಲ್ಲಿ ದನಗಳಿದ್ದವು, ಒಂಟೆ ಮಾತ್ರ ಇರಲಿಲ್ಲ. ಹಾಗಾದರೆ ಒಂಟೆ ಬರುವುದಕ್ಕೂ ಮೊದಲು ಈ ನಾಡು ಹೀಗಿರಲಿಲ್ಲ ಎಂದು ಅವನು ತರ್ಕಿಸಿದ. ಇಲ್ಲದ ವಸ್ತುವೂ ಸಾಕ್ಷಿ ನುಡಿಯಬಲ್ಲದು ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

1933ರಲ್ಲಿ ಫ್ರೆಂಚ್ ಒಂಟೆಪಡೆಯ ಅಧಿಕಾರಿ ಬ್ರೆನಾನ್ ತಸ್ಸಿಲಿಯ ಕಣಿವೆಯೊಂದರಲ್ಲಿ ಆನೆ, ಖಡ್ಗಮೃಗಗಳ ಕೆತ್ತನೆ ಕಂಡು ನಕಲು ಬರೆದುಕೊಂಡರು. ಆ ಸುದ್ದಿಯ ಬೆನ್ನು ಹತ್ತಿದವರು ಆನ್ರಿ ಲೋಟ್. 1956ರಲ್ಲಿ ಚಿತ್ರಕಾರರ ತಂಡ ಕಟ್ಟಿಕೊಂಡು ಪ್ರಸ್ಥಭೂಮಿ ಏರಿದರು. ದಾರಿ ತೋರಿದವರು ಅಲ್ಲಿನ ಟುವಾರೆಗ್ ಜನ. ಗೋಡೆಗೆ ಕಾಗದ ಹಿಡಿದು ರೇಖೆ ತೆಗೆದು, ಬಣ್ಣ ತುಂಬಿ ನೂರಾರು ಪ್ರತಿಗಳನ್ನು ಸಿದ್ಧಪಡಿಸಿದರು. ಪ್ಯಾರಿಸ್‌ನಲ್ಲಿ ಅವು ಪ್ರದರ್ಶನಗೊಂಡಾಗ ಜಗತ್ತು ಬೆರಗಾಯಿತು.

ಆ ಬೆರಗಿಗೆ ತೆತ್ತ ಬೆಲೆಯೂ ದೊಡ್ಡದು. ಧೂಳು ಮುಸುಕಿದ ಬಣ್ಣ ಎದ್ದು ಕಾಣಲೆಂದು ತಂಡದವರು ಗೋಡೆಗಳನ್ನು ಒದ್ದೆ ಸ್ಪಂಜಿನಿಂದ ಒರೆಸಿದ್ದರು. ಮುಂದೆ ಬಂದ ಪ್ರವಾಸಿಗರೂ ನೀರೆರಚಿದರು. ಸಾವಿರಾರು ವರ್ಷ ಬಿಸಿಲು ಗಾಳಿಗೆ ಜಗ್ಗದ ಬಣ್ಣ ಹೀಗೆ ಮಾಸತೊಡಗಿತು. ಸಾಲದ್ದಕ್ಕೆ, ಲೋಟ್ ಪ್ರಕಟಿಸಿದ ಈಜಿಪ್ಟ್ ಶೈಲಿಯ ಕೆಲವು ಚಿತ್ರಗಳು ನಕಲಿ ಎಂಬುದೂ ಬಯಲಾಯಿತು.

ಬಾರ್ತ್‌ನ ತರ್ಕಕ್ಕೆ ಮಾತ್ರ ವಿಜ್ಞಾನ ಬಲ ಕೊಟ್ಟಿದೆ. ಸೂರ್ಯನ ಸುತ್ತ ತಿರುಗುವಾಗ ಭೂಮಿಯ ಅಕ್ಷ ನಿಧಾನವಾಗಿ ಓಲಾಡುತ್ತದೆ. ಅದರಿಂದ ಉತ್ತರಾರ್ಧಗೋಳದ ಬೇಸಿಗೆ ಬಿಸಿಲು ಹೆಚ್ಚಿದ್ದಾಗ ಮಳೆಮಾರುತಗಳು ಸಹರಾದ ಒಳಗೂ ನುಗ್ಗುತ್ತಿದ್ದವು. ಕೆರೆ ತುಂಬಿ ಹುಲ್ಲುಗಾವಲು ಹಬ್ಬಿತ್ತು. ಸುಮಾರು 5,000 ವರ್ಷಗಳ ಹಿಂದೆ ಮಳೆ ಹಿಂದೆ ಸರಿಯಿತು. ನೆರೆಯ ಲಿಬಿಯಾದ ತಕರ್ಕೋರಿಯಲ್ಲಿ ದೊರೆತ ಮಡಕೆ ಚೂರುಗಳಲ್ಲಿ ಹಾಲಿನ ಜಿಡ್ಡು ಇಂಗಿರುವುದನ್ನು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದು ಸುಮಾರು 7,000 ವರ್ಷ ಹಳೆಯದು. ಬಂಡೆಯ ಮೇಲಿನ ಹಸುಗಳು ಬರೀ ಕಲ್ಪನೆಯಲ್ಲ, ಅವುಗಳ ಹಾಲು ಕರೆದ ಜನ ಅಲ್ಲೇ ಬಾಳಿದ್ದರು!

ಆ ಹಸಿರಿನ ಪಳೆಯುಳಿಕೆಯಂತೆ ತಸ್ಸಿಲಿಯಲ್ಲಿ ಇನ್ನೂರು ಚಿಲ್ಲರೆ ತಾರೂತ್ ಸೈಪ್ರೆಸ್ ಮರಗಳು ಜೀವ ಹಿಡಿದಿವೆ. 1982ರಲ್ಲಿ ಈ ನಾಡು ವಿಶ್ವಪರಂಪರೆಯ ಪಟ್ಟಿ ಸೇರಿತು. ಈಗ ಮಾಸಿದ ಬಣ್ಣವನ್ನು ಕಾಣಲು ನೀರು ಬೇಕಿಲ್ಲ. ಕ್ಯಾಮೆರಾದಲ್ಲಿ ಸೆರೆಹಿಡಿದು ಕಂಪ್ಯೂಟರಿನಲ್ಲಿ ಅದನ್ನು ಎತ್ತಿ ತೋರಿಸಬಹುದು. ಆದರೆ ತೊಳೆದುಹೋದ ಬಣ್ಣವನ್ನು ಮರಳಿ ತರುವ ಯಂತ್ರ ಇನ್ನೂ ಹುಟ್ಟಿಲ್ಲ.